ಸೆವೆನ್ ಟೆನ್ ರಾಯರು

ಗೃಹಪ್ರವೇಶಕ್ಕೆ ಬಂದವರೆಲ್ಲ ಸತ್ಯನಾರಾಯಣನ ಮುಂದೆ ಕೂತಿದ್ದರೆ ರಾಯರು ಮಲಗುವ ಕೋಣೆಯಲ್ಲಿ ವಾರ್ಡ್‌ರೋಬಿನ ಮುಂದೆ ನಿಂತಿರುತ್ತಾರೆ. ನಡುಬೆರಳು ಮಡಚಿ ಗೆಣ್ಣಿನಿಂದ ಬಾಗಿಲನ್ನು ಟಕ್ ಟಕ್ ಎಂದು ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಬಾಗಿಲು ತೆರೆದು ಅದರ ಅಂಚಿನ ಮೇಲೆ ಉಗುರು ಎಳೆಯುತ್ತಾರೆ. ಅಷ್ಟರಲ್ಲಿ ಸಪಾದದ ದೊನ್ನೆ ಹಿಡಿದು ಮನೆಯ ಯಜಮಾನ ಬರುತ್ತಾನೆ. ಅವನ ಕಿವಿಯ ಹತ್ತಿರ ಬಗ್ಗಿ, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, ಒಂದೇ ಮಾತು: “ಕಮರ್ಷಿಯಲ್.” ಇಪ್ಪತ್ತು ವರ್ಷದ ಸಾಲ ಹೊತ್ತಿರುವ ಆ ಬಡಪಾಯಿಗೆ ಅವತ್ತು ಊಟ ಸೇರುವುದಿಲ್ಲ.

ಇಂಥವರು ಬೆಂಗಳೂರಿನ ಬಡಾವಣೆಗೊಬ್ಬರಂತೆ ಇದ್ದಾರೆ. ಎಚ್‌ಎಂಟಿಯಲ್ಲೋ ಬಿಇಎಲ್ಲಿನಲ್ಲೋ ಐಟಿಐಯಲ್ಲೋ ಡ್ರಾಯಿಂಗ್ ನೋಡಿ ನೋಡಿ, ಮೈಕ್ರಾನ್ ಲೆಕ್ಕದಲ್ಲಿ ಆಯುಷ್ಯ ಕಳೆದು, ನಿವೃತ್ತರಾದ ಮಾರನೆಯ ದಿನ ಅಳೆಯಲು ಏನೂ ಸಿಗದೆ ಚಡಪಡಿಸಿದವರು. ಅವರಲ್ಲಿ ಕೆಲವರು ಹೋಮಿಯೋಪತಿಗೆ ಹೋಗುತ್ತಾರೆ. ಕೆಲವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿ ನೀರಿನ ಟ್ಯಾಂಕರಿನವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಇವರೆಲ್ಲ ಒಂದಲ್ಲ ಒಂದು ದಿನ ಸುಧಾರಿಸಿಕೊಳ್ಳುತ್ತಾರೆ. ಮರದ ಕಡೆ ತಿರುಗಿದವರು ಮಾತ್ರ ಹೋದವರು ಹೋದರೇ.

ರಾಯರಿಗೆ ‘ಸೆವೆನ್ ಟೆನ್’ ಎಂಬ ಅಡ್ಡಹೆಸರು ಬಂದದ್ದು ಭಾರತೀಯ ಮಾನಕದಿಂದ. ಅಂಗಡಿಯವರು ‘ಕಮರ್ಷಿಯಲ್’ ಎನ್ನುವ ಸಾಮಾನ್ಯ ಪ್ಲೈವುಡ್ಡಿಗೆ ಐಎಸ್ 303, ಮರೈನ್ ಪ್ಲೈಗೆ ಐಎಸ್ 710. ಈ ಎರಡನೆಯದರ ತುಂಡನ್ನು ಪರೀಕ್ಷೆಗೆ ಹಾಕಿದರೆ 72 ಗಂಟೆ ನೀರಿನಲ್ಲಿ ಕುದಿಸುತ್ತಾರೆ, ಅಂಟು ಬಿಡಬಾರದು. ರಾಯರ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಕೂಡ ಸೆವೆನ್ ಟೆನ್. “ಚಪ್ಪಲಿ ಸ್ಟ್ಯಾಂಡನ್ನ ಮೂರು ದಿನ ಯಾರು ಸಾರ್ ಕುದಿಸ್ತಾರೆ?” ಎಂದು ನಾನು ಕೇಳಿದ್ದುಂಟು. “ಪ್ರಶ್ನೆ ಅದಲ್ಲ” ಅಂದರು. ಪ್ರಶ್ನೆ ಯಾವುದು ಎಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಬೀರುವಿನ ಕಥೆ ಶುರುವಾದದ್ದು ಅವರ ಮನೆಯವರ ಒಂದು ಸಣ್ಣ ಬೇಡಿಕೆಯಿಂದ. ಊಟದ ಹಾಲಿನ ಗೋಡೆಗೆ ಒಂದು ಬೀರು. ಮೇಲೆ ಪಿಂಗಾಣಿ ಸೆಟ್ಟು, ನಡುವೆ ದಸರಾ ಬೊಂಬೆ, ಕೆಳಗೆ ಹಬ್ಬ-ಹುಣ್ಣಿಮೆಗೆ ಮಾತ್ರ ಹೊರಬರುವ ದೊಡ್ಡ ಪಾತ್ರೆಗಳು. ನಾಲ್ಕು ಬಾಗಿಲು ಇದ್ದರೆ ಸಾಕು. ಆಕೆಯ ಲೆಕ್ಕದಲ್ಲಿ ಇದು ಶನಿವಾರ ಸಂಜೆ ಅಂಗಡಿಗೆ ಹೋಗಿ ಭಾನುವಾರ ಮನೆಗೆ ತರಿಸುವ ಸಾಮಾನು. ಗಂಡನನ್ನು ಅಂಗಡಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ರಾಯರು ಅಲ್ಲಿದ್ದ ಬೀರುವಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, “ಮರದ ಹೊಟ್ಟು ಒತ್ತಿ ಮಾಡಿದ ಹಲಗೆ ಇದು. ಒಂದು ಸಲ ನೆಲ ಒರೆಸಿದ ನೀರು ತಾಗಿದರೆ ಬುಡ ಊದಿಕೊಳ್ಳುತ್ತೆ” ಎಂದು ಸೇಲ್ಸ್ ಹುಡುಗನಿಗೆ ತಿಳಿಹೇಳಿದರು. ಮಾತು ಸುಳ್ಳಲ್ಲ. ಆದರೆ ಪಕ್ಕದಲ್ಲಿ ಅದೇ ಬೀರುವಿಗೆ ಅಡ್ವಾನ್ಸ್ ಕೊಡುತ್ತಿದ್ದ ದಂಪತಿ ಕೂಡ ಕೇಳಿಸಿಕೊಂಡರು, ಪರ್ಸು ಮುಚ್ಚಿದರು.

ಹಾಗಾದರೆ ಪೂರ್ತಿ ತೇಗದಲ್ಲೇ ಮಾಡಿಸೋಣ ಅಂದರು ಆಕೆ. ಅದಕ್ಕೂ ರಾಯರು ಒಪ್ಪಲಿಲ್ಲ, ವೆನೀರೇ ಆಗಬೇಕು.

“ರೀ, ವೆನೀರು ಅಂದ್ರೆ ಮೇಲ್ಗಡೆ ಮಾತ್ರ ತೇಗ, ಒಳಗೆ ಬೇರೆ ಏನೋ. ಮೋಸ ಅಲ್ವೇನ್ರೀ ಅದು?”

ಈ ಪ್ರಶ್ನೆಗೆ ಉತ್ತರ ರಾತ್ರಿ ಊಟ ಮುಗಿದರೂ ಮುಗಿಯಲಿಲ್ಲ. ಗಟ್ಟಿ ಮರದ ಅಗಲ ಹಲಗೆ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಒಂದು ದಿನ ಸೀಳುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದನ್ನೊಂದು ಹಿಡಿದುಕೊಂಡು ಎಲ್ಲಿಗೂ ಅಲುಗುವುದಿಲ್ಲ. ಅದರ ಮೇಲೆ ಅರ್ಧ ಮಿಲಿಮೀಟರಿನ ತೇಗ ಅಂಟಿಸಿದರೆ ಅಂದವೂ ಬಂತು, ಅಂಕೆಯೂ ಉಳಿಯಿತು. 1922ರಲ್ಲಿ ಪತ್ತೆಯಾದ ಈಜಿಪ್ಟಿನ ದೊರೆ ಟುಟಂಖಾಮನ್ ಗೋರಿಯ ಸಾಮಾನಿನಲ್ಲೂ ಕರಿಮರ, ದಂತಗಳ ಪದರ ಅಂಟಿಸಿದ ಪೆಟ್ಟಿಗೆಗಳಿದ್ದವು. ಮೂರು ಸಾವಿರ ವರ್ಷ ಕಳೆದರೂ ಬಾಳಿವೆ!

“ಅವನು ಸತ್ತ ಮೇಲೆ ತಾನೇ ಬಳಸಿದ್ದು?” ಅಂದರು ಆಕೆ. “ನಮಗೆ ದಸರಾ ಒಳಗೆ ಬೇಕು.”

ಮಾರನೆಯ ದಿನ ಗ್ರಾಫ್ ಹಾಳೆ ಬಂತು. ಮುಂದಿನ ನೋಟ, ಪಕ್ಕದ ನೋಟ, ಸೀಳುನೋಟ, ಹಿಂಜಿನ ಜಾಗಕ್ಕೆ ‘ಡೀಟೇಲ್ ಎ’ ಎಂದು ಪ್ರತ್ಯೇಕ ಚಿತ್ರ. ಹಾಳೆಯ ಬಲಮೂಲೆಯಲ್ಲಿ ಕಾರ್ಖಾನೆಯ ಪದ್ಧತಿಯಂತೆ ಚೌಕ ಹಾಕಿ, ‘ರಚಿಸಿದವರು’, ‘ಪರಿಶೀಲಿಸಿದವರು’ ಎರಡಕ್ಕೂ ತಾವೇ ರುಜು ಹಾಕಿದ್ದರು. ‘ಅನುಮೋದಿಸಿದವರು’ ಎನ್ನುವ ಕಡೆ ಹೆಂಡತಿಯ ರುಜು ಬೇಕಿತ್ತು. ಹೂ ಕಟ್ಟುತ್ತಿದ್ದ ಆಕೆ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಗೀಚಿಕೊಟ್ಟರು. ಆಮೇಲೆ “ದೊಡ್ಡ ಕೊಳದಪ್ಪಲೆ ಎಲ್ಲಿ ಇಡೋದು?” ಎಂದು ಕೇಳಿದ್ದಕ್ಕೆ, ಅನುಮೋದನೆಯಾದ ಡ್ರಾಯಿಂಗಿನಲ್ಲಿ ಈಗ ಬದಲಾವಣೆ ಅಂದರೆ ‘ರೆವಿಷನ್ ಬಿ’ ಆಗುತ್ತದೆ ಎಂದು ರಾಯರು ಎಚ್ಚರಿಸಿದರು. ಅದು ಡಿ ತನಕ ಹೋಯಿತು.

ನಗುವುದು ಸುಲಭ. ಆದರೆ ಆ ಹಾಳೆಯಲ್ಲಿ ಬುದ್ಧಿಯೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪ್ಲೈ ಹಾಳೆ ಎಂಟಡಿಗೆ ನಾಲ್ಕಡಿ. ಅದರ ಉದ್ದದಲ್ಲಿ ಎರಡೆರಡು ಅಡಿಯ ನಾಲ್ಕು ತುಂಡು ಬರಬೇಕಲ್ಲ ಎಂದು ನೀವು ನಾವು ಲೆಕ್ಕ ಹಾಕುತ್ತೇವೆ. ಬರುವುದಿಲ್ಲ, ಒಂದೊಂದು ಕೊಯ್ತಕ್ಕೂ ಗರಗಸ ಮೂರ್ನಾಲ್ಕು ಮಿಲಿಮೀಟರ್ ಪುಡಿ ಮಾಡುತ್ತದೆ. ಹಾಗಾಗಿ ರಾಯರ ಬಾಗಿಲಿನ ಅಗಲ 597. ನಡುವೆ ಆಧಾರವಿಲ್ಲದ ಕಪಾಟು ಮೂರಡಿ ದಾಟಿದರೆ ಪಿಂಗಾಣಿಯ ಭಾರಕ್ಕೆ ತೊಟ್ಟಿಲಿನಂತೆ ಜೋತುಬೀಳುತ್ತದೆ. ಹಾಗಾಗಿ ನಡುವೆ ಒಂದು ನಿಲುವು ಹಲಗೆ. ಅಂದಾಜಿನ ಮೇಲೆ ನಡೆಯುವ ಊರಿನಲ್ಲಿ ಇಷ್ಟು ಯೋಚಿಸುವವನನ್ನು ಕಂಡರೆ ಭಯ, ಗೌರವ ಎರಡೂ ಒಟ್ಟಿಗೇ ಬರುತ್ತವೆ.

ವೆನೀರ್ ಕೊಳ್ಳಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ನನ್ನನ್ನೂ ಕರೆದುಕೊಂಡು ಹೋದರು. ಅದಕ್ಕೆ ಮೊದಲು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಹೋಗಿ ಅಲ್ಲಿ ಜೋಡಿಸಿಟ್ಟ ಮರದ ಮಾದರಿಗಳನ್ನೆಲ್ಲ ನೋಡಿ ಬಂದಿದ್ದರು. ಹೆಣ್ಣು ನೋಡಲು ಹೋಗುವ ಮುಂಚೆ ಗೋತ್ರ ವಿಚಾರಿಸಬೇಡವೇ ಎಂಬುದು ಅವರ ವಾದ. ಅಂಗಡಿಯ ಒಳಗೆ, ತೆಳು ಪ್ಲೈಗೆ ಮೊದಲೇ ತೇಗ ಅಂಟಿಸಿದ, ಒಟ್ಟು ನಾಲ್ಕು ಮಿಲಿಮೀಟರ್ ದಪ್ಪದ ಹಾಳೆಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಹುಡುಗನೊಬ್ಬ ಒಂದೊಂದನ್ನೇ ಈಚೆಗೆ ಎಳೆದು ತೋರಿಸುತ್ತಿದ್ದ. ಒಣ ಹಾಳೆ ನೋಡಲು ಸಪ್ಪೆ, ಧೂಳಿನ ಬಣ್ಣ. ರಾಯರು ಜೇಬಿನಿಂದ ಒದ್ದೆ ಬಟ್ಟೆಯ ತುಂಡು ತೆಗೆದು ಮೇಲಿನಿಂದ ಕೆಳಗೆ ಒಂದು ಸಲ ಎಳೆದರು. ಎಳೆದಷ್ಟು ಅಗಲಕ್ಕೆ ಜೇನುಬಣ್ಣದ ಪಟ್ಟೆ ಎದ್ದುಬಂತು, ಅದರೊಳಗೆ ಕಪ್ಪು ಗೆರೆಗಳು ಬೆಟ್ಟದ ಮೇಲೆ ಬೆಟ್ಟದಂತೆ ಏರಿದವು. ಪಾಲಿಶ್ ಆದ ಮೇಲೆ ಹೆಚ್ಚುಕಡಿಮೆ ಹೀಗೇ ಕಾಣುತ್ತದೆಯಂತೆ. ನಿಮಿಷದಲ್ಲಿ ನೀರು ಆರಿ ಮತ್ತೆ ಧೂಳಿನ ಬಣ್ಣ. ಒಂದು ಕ್ಷಣ ನನಗೂ ಹುಚ್ಚು ಹಿಡಿಯಿತು. ಇನ್ನೊಂದು ಹಾಳೆಗೆ ಒರೆಸಿ ಸಾರ್ ಅಂದೆ.

ರಾಯರ ಷರತ್ತು ಏನೆಂದರೆ, ಒಂದೇ ದಿಮ್ಮಿಯಿಂದ ಒಂದರ ಹಿಂದೆ ಒಂದರಂತೆ ಸೀಳಿದ ಹಾಳೆಗಳೇ ಬೇಕು. ಎರಡನ್ನು ಪುಸ್ತಕ ತೆರೆದಂತೆ ಅಕ್ಕಪಕ್ಕ ಇಟ್ಟರೆ ಎಡದ ಗೆರೆ ಬಲದ ಗೆರೆಗೆ ಕನ್ನಡಿ ಹಿಡಿಯಬೇಕು. ನಾಲ್ಕೂ ಬಾಗಿಲಲ್ಲಿ ಆ ಬೆಟ್ಟದ ಸಾಲು ಕಡಿಯದೆ ಹರಿಯಬೇಕು. ಅಂಗಡಿಯವರು ಮೊದಲು ಟೀ ತರಿಸಿದರು, ಆಮೇಲೆ ಊಟಕ್ಕೆ ಹೋಗಿಬಂದರು, ಕೊನೆಗೆ ದೀಪ ಹಚ್ಚಿ ಊದಿನಕಡ್ಡಿ ಬೆಳಗಿದರು. ರಾಯರು ಇನ್ನೂ ಒದ್ದೆ ಬಟ್ಟೆ ಹಿಡಿದೇ ಇದ್ದರು.

ಮಿಸ್ತ್ರಿ ರಾಜಸ್ಥಾನದ ನಾಗೌರ್ ಕಡೆಯವನು, ಬೆಂಗಳೂರಿಗೆ ಬಂದು ಕನ್ನಡವನ್ನು ತನಗೆ ಬೇಕಾದಷ್ಟು ಮಾತ್ರ ಕಲಿತವನು. ಅವನದು ಇಂಚು ಮತ್ತು ಸೂತ್. ಸೂತ್ ಎಂದರೆ ಇಂಚಿನ ಎಂಟನೇ ಒಂದು ಪಾಲು, ನಮ್ಮ ಹಳೆಯ ಆಚಾರಿಗಳ ನೂಲು. ರಾಯರದು ಮಿಲಿಮೀಟರ್. ಮನೆಯಾಕೆಯದು ಗೇಣು. ಹೀಗೆ ಒಂದು ಗೋಡೆಯ ಮುಂದೆ ಮೂರು ಅಳತೆಗಳು ಸೇರಿದವು. ರಾಯರು “597” ಅಂದರೆ ಮಿಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಇಪ್ಪತ್ಮೂರೂವರೆ ಎಂದು ಗುರುತು ಹಾಕುವನು.

“ಇಪ್ಪತ್ಮೂರೂವರೆ ಇಂಚು ಅಂದ್ರೆ 596.9 ಕಣಯ್ಯ. ಇನ್ನು ಸೊನ್ನೆ ಪಾಯಿಂಟ್ ಒಂದು ಎಲ್ಲಿ ಹೋಯ್ತು?”

“ಬ್ಲೇಡು ತಿಂತು ಸಾರ್.”

ಅಂಟಿಸುವ ದಿನದ ಗದ್ದಲ ಬೀದಿಗೆಲ್ಲ ಗೊತ್ತು. ಫೆವಿಕಾಲ್ ಬಳಿದು ವೆನೀರ್ ಕೂರಿಸಿದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಸಮನಾಗಿ ಭಾರ ಹೇರಬೇಕು. ಕಾರ್ಖಾನೆಯಲ್ಲಾದರೆ ಹೈಡ್ರಾಲಿಕ್ ಪ್ರೆಸ್ ಇರುತ್ತದೆ. ರಾಯರ ಮನೆಯಲ್ಲಿದ್ದದ್ದು ರುಬ್ಬುವ ಕಲ್ಲು, ಹೊಲಿಗೆ ಯಂತ್ರ, ಹಳೆಯ ಯುಪಿಎಸ್ ಬ್ಯಾಟರಿ ಮತ್ತು ಸೋನಾ ಮಸೂರಿ ಮೂಟೆ. ಎಡಮೂಲೆಗೆ ಭಾರ ಸಾಲದೆಂದು ಪೇಪರು ಕೇಳಲು ಬಂದಿದ್ದ ನನ್ನನ್ನೂ ಸ್ವಲ್ಪ ಹೊತ್ತು ಕೂರಿಸಿದರು. ರಾತ್ರಿ ಅಡುಗೆಮನೆಯಿಂದ ಕೂಗು ಬಂತು:

“ರೀ, ಅಕ್ಕಿ ಬೇಕು.”

“ಬೆಳಗ್ಗೆ ತನಕ ಅಲ್ಲಾಡಿಸೋ ಹಾಗಿಲ್ಲ ಕಣೇ. ಪ್ರೆಸ್‌ನಲ್ಲಿದೆ.”

ಅವತ್ತು ದರ್ಶಿನಿಯಿಂದ ಇಡ್ಲಿ ಬಂತು.

ದುರಂತವೂ ಈ ಶ್ರದ್ಧೆಯಿಂದಲೇ ಹುಟ್ಟಿತು. ಹಲಗೆಯ ಒಂದೇ ಮುಖಕ್ಕೆ ವೆನೀರ್ ಅಂಟಿಸಿದರೆ ಅದು ಒಂದು ಕಡೆಗೆ ಬಿಲ್ಲಾಗುವ ಸಂಭವ ಉಂಟು. ಒಳಮುಖಕ್ಕೂ ಏನಾದರೂ ಅಂಟಿಸಿ ಸಮ ಮಾಡಬೇಕು. ರಾಯರು ಹಟ ಹಿಡಿದು ಒಳಗೆ ಬಿಳಿ ಲ್ಯಾಮಿನೇಟ್ ಹಾಕಿಸಿದರು. ಯಾವ ಬಾಗಿಲು ಎಲ್ಲಿ, ಮೇಲೆ ಯಾವುದು ಎಂದು ತಮ್ಮ ಕೈಯಾರೆ ಬಾಣದ ಗುರುತು ಬರೆದಿದ್ದದ್ದೂ ಆ ಒಳಮುಖದ ಮೇಲೆಯೇ. ಲ್ಯಾಮಿನೇಟಿನ ಅಡಿಯಲ್ಲಿ ಬಾಣಗಳು ಶಾಶ್ವತವಾಗಿ ಭದ್ರವಾದವು. ಹಿಂಜಿನ 35 ಮಿಲಿಮೀಟರ್ ಗುಂಡಿ ಕೊರೆದು ಬಾಗಿಲು ನೇತುಹಾಕಿದಾಗ ನಾಲ್ಕನೆಯದರಲ್ಲಿ ಬೆಟ್ಟಗಳು ತಲೆಕೆಳಗಾಗಿದ್ದವು. ರಾಯರು ಕುರ್ಚಿ ಹಿಡಿದು ಕೂತರು. ಮನೆಯಾಕೆ ಹತ್ತಿರ ಹೋಗಿ, ದೂರ ಬಂದು, ಕನ್ನಡಕ ಒರೆಸಿ ನೋಡಿ, “ಯಾವುದು?” ಅಂದರು. ಮಿಸ್ತ್ರಿಯೂ ಅದನ್ನೇ ಕೇಳಿದ. ಇವತ್ತಿಗೂ ನೆಂಟರು ಬಂದರೆ ರಾಯರು ತಾವಾಗಿಯೇ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

ಪಾಲಿಶಿನ ಹೊತ್ತಿಗೆ ಆಷಾಢ. ಆಷಾಢದಲ್ಲಿ ಹೊಸ ಸಾಮಾನು ಬೇಡ ಎಂದು ಆಕೆ, ಗಾಳಿಯಲ್ಲಿ ತೇವ ಇದ್ದರೆ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ ಎಂದು ಇವರು. ದಾಂಪತ್ಯದಲ್ಲಿ ಇಬ್ಬರೂ ಒಂದೇ ಮಾತಿಗೆ ಬಂದ ಅಪರೂಪದ ಸಂದರ್ಭ ಅದು, ಕಾರಣಗಳು ಬೇರೆಯಾದರೇನು. ಶ್ರಾವಣ ಹುಟ್ಟಿ, ಬಿಸಿಲು ಬಿದ್ದ ಮೇಲೆ ಸೀಲರ್ ಹೊಡೆದು, ಉಜ್ಜಿ, ಮತ್ತೆ ಹೊಡೆದು, ಮತ್ತೆ ಉಜ್ಜಿದರು. ಅರ್ಧ ಮಿಲಿಮೀಟರಿನ ತೇಗವನ್ನು ಎಲ್ಲಿ ಹರಿದುಬಿಡುತ್ತಾನೋ ಎಂದು ರಾಯರು ಪಾಲಿಶ್ ಹುಡುಗನ ಭುಜದ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಿದ್ದರು. ಥಿನ್ನರ್ ವಾಸನೆ ತಾಳಲಾರದೆ ಮನೆಯಾಕೆ ತಂಗಿಯ ಮನೆಗೆ ಹೋದರು.

ಬೀರು ಚೆನ್ನಾಗಿ ಬಂತು. ಈ ಮಾತನ್ನು ಬೀದಿಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಸಂಜೆಯ ಬೆಳಕು ಬಿದ್ದರೆ ಆ ಬೆಟ್ಟಗಳು (ಮೂರು ನೆಟ್ಟಗೆ, ಒಂದು ಬೋರಲು) ಹೊನ್ನಿನಂತೆ ಹೊಳೆಯುತ್ತವೆ. ಬಾಗಿಲನ್ನು ದಬ್ಬಿದರೂ ಸದ್ದಿಲ್ಲದೆ, ಸಂಭಾವಿತನಂತೆ ತಾನೇ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಆದರೆ ಸಂಜೆಯ ಬೆಳಕು ಬೀಳುವ ಹಾಗಿಲ್ಲ, ಏಕೆಂದರೆ ತೇಗ ಬಿಸಿಲಿಗೆ ಬಣ್ಣ ಬದಲಿಸುತ್ತದೆ. ಊಟದ ಹಾಲಿನ ಪರದೆ ಈಗ ಸದಾ ಎಳೆದೇ ಇರುತ್ತದೆ, ಮಧ್ಯಾಹ್ನವೂ ಲೈಟು ಹಾಕಿ ಉಣ್ಣುತ್ತಾರೆ. ಒದ್ದೆ ಪಾತ್ರೆ ಒಳಗೆ ಇಡುವಂತಿಲ್ಲ. ಬಿಸಿ ಪಾತ್ರೆಯ ಮಾತಂತೂ ಎತ್ತುವಂತಿಲ್ಲ. ಬಾಗಿಲ ಹಿಡಿಗೆ ಕೈಹಾಕುವ ಮೊದಲು ಕೈ ಒರೆಸಿಕೊಳ್ಳಬೇಕು, ಅದಕ್ಕೆ ಪಕ್ಕದಲ್ಲಿ ಒಂದು ಟವೆಲ್ ನೇತುಹಾಕಿದ್ದಾರೆ. ಕೊಳದಪ್ಪಲೆ ಗೀರು ಮಾಡುತ್ತದೆಂದು ಅದಕ್ಕೆ ಹಳೆಯ ಪಂಚೆ ಸುತ್ತಿ ಇಡಬೇಕೆಂದಾಗ ಮನೆಯಾಕೆ ಏನೂ ಮಾತಾಡಲಿಲ್ಲವಂತೆ. ಮಾತಾಡದಿದ್ದಾಗಲೇ ರಾಯರು ಎಚ್ಚರವಾಗಬೇಕಿತ್ತು.

ರಾಯರು ಪಿಂಚಣಿಯ ಲೈಫ್ ಸರ್ಟಿಫಿಕೇಟಿಗೆಂದು ಬ್ಯಾಂಕಿಗೆ ಹೋಗಿದ್ದ ದಿನ ಮಿಸ್ತ್ರಿ ಬಂದ. ಮಹಡಿಯ ಮೆಟ್ಟಿಲ ಕೆಳಗೆ ಬಿದ್ದಿದ್ದ ಸೆವೆನ್ ಟೆನ್ ತುಂಡುಗಳನ್ನು ಒಟ್ಟುಮಾಡಿ, ಕೊಯ್ದು, ಮೊಳೆ ಹೊಡೆದು, ಅಡುಗೆಮನೆಯ ಮೂಲೆಗೆ ಮೂರು ಅಂತಸ್ತಿನ ಒಂದು ರ‍್ಯಾಕ್ ನಿಲ್ಲಿಸಿದ. ಬಾಗಿಲಿಲ್ಲ, ಪಾಲಿಶಿಲ್ಲ, ಮೇಲೆ ಉಳಿದ ಲ್ಯಾಮಿನೇಟಿನ ಚೂರು. ಚಹಾ ಕುಡಿದು ಹೋದ. ರಾಯರು ವಾಪಸು ಬರುವಷ್ಟರಲ್ಲಿ ಕೊಳದಪ್ಪಲೆ, ಪಿಂಗಾಣಿ, ಒದ್ದೆ ಕುಕ್ಕರು, ಬೊಂಬೆಯ ಪೆಟ್ಟಿಗೆ ಎಲ್ಲ ಅದರ ಮೇಲೆ ಸಂಸಾರ ಹೂಡಿದ್ದವು.

ರಾಯರು ಚಪ್ಪಲಿ ಬಿಟ್ಟವರೇ ಜೇಬಿನಿಂದ ಟೇಪು ತೆಗೆದರು. ಎಡಮೇಲಿನಿಂದ ಬಲಕೆಳಗೆ, ಬಲಮೇಲಿನಿಂದ ಎಡಕೆಳಗೆ ಅಳೆದರು. ಎರಡು ಕರ್ಣಗಳೂ ಒಂದೇ ಬಂದವು. ತಮ್ಮ ಬೀರುವಿನಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ ಇತ್ತು. ಅದು ನೆಲದ ದೋಷ ಎಂದು ಅವರು ಬರೆದಿಟ್ಟಿದ್ದರು. ಕನ್ನಡಕ ಬದಲಿಸಿ ಮತ್ತೆ ಅಳೆದರು. ಆಮೇಲೆ ಮಿಸ್ತ್ರಿಗೆ ಫೋನ್ ಮಾಡಿದರು.

“ಡ್ರಾಯಿಂಗ್ ಯಾರಪ್ಪಾ ಕೊಟ್ಟಿದ್ದು ನಿನಗೆ?”

“ಡ್ರಾಯಿಂಗ್ ಇಲ್ಲ ಸಾರ್. ಅಮ್ಮ ಕೈ ಅಗಲ ಮಾಡಿ ತೋರಿಸ್ತು, ಇಷ್ಟು ಬೇಕು ಅಂತ.”