ಕಳ್ಳನೊಬ್ಬನನ್ನು ಬಿಟ್ಟು

ನಮ್ಮೂರಿನ ಕಾರುಗಳಿಗೆ ಎಂಥ ಜಾಗ್ರತೆ! ಬಾನೆಟ್ ಮೇಲೆ ಬೆಕ್ಕು ಹಾರಿದರೆ ಬಾಯಿ ಬಡಿದುಕೊಳ್ಳುತ್ತವೆ. ಗುಡುಗಿದರೆ, ಪಕ್ಕದಲ್ಲಿ ಬುಲೆಟ್ ಹೋದರೆ, ಗಣೇಶನ ಮುಂದೆ ತಮಟೆ ಬಡಿದರೆ ಊಳಿಡುತ್ತವೆ. ದೀಪಾವಳಿಯಲ್ಲಂತೂ ಒಂದು ಲಕ್ಷ್ಮಿ ಬಾಂಬಿಗೆ ಇಡೀ ಬೀದಿಯ ಕಾರುಗಳು ಸಾಲಾಗಿ ದನಿಗೂಡಿಸುತ್ತವೆ. ಅವು ಸುಮ್ಮನಿರುವುದು ಒಬ್ಬನ ಮುಂದೆ ಮಾತ್ರ: ಕಸುಬು ಬಲ್ಲ ಕಳ್ಳನ ಮುಂದೆ.

ಅವನು ಗಾಜು ಒಡೆಯುವ ಪೈಕಿಯಲ್ಲ. ಕೀಲೆಸ್ ಕಾರಾದರೆ ಇಬ್ಬರು ಬರುತ್ತಾರೆ. ಒಬ್ಬ ಮನೆಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ. ಒಳಗೆ ಟಿವಿ ಸ್ಟ್ಯಾಂಡಿನ ಮೇಲೆ ಮಲಗಿರುವ ಕೀಯ ಸಿಗ್ನಲ್ಲು ಅವರ ಪೆಟ್ಟಿಗೆಗಳ ಮೂಲಕ ದಾಟಿ ಬಂದರೆ ಸಾಕು, ಕಾರು ಅಳಿಯನನ್ನು ಕಂಡ ಅತ್ತೆಯ ಹಾಗೆ ಬಾಗಿಲು ತೆರೆಯುತ್ತದೆ. ಸೈರನ್ ಚಕಾರ ಎತ್ತುವುದಿಲ್ಲ.

ಹಾಗಾದರೆ ಬೆಕ್ಕಿನ ಮೇಲೇಕೆ ಅಷ್ಟು ಸಿಟ್ಟು? ಕಾರಣ ಡ್ಯಾಶ್‌ಬೋರ್ಡಿನ ಅಡಿಯಲ್ಲಿದೆ. ಅಲ್ಲಿ ಕೂರಿಸುವ ಪುಟ್ಟ ಶಾಕ್ ಸೆನ್ಸರಿಗೆ ಸಾಮಾನ್ಯವಾಗಿ ಒಂದು ತಿರುಪು ಇರುತ್ತದೆ. ಎಷ್ಟು ಅಲುಗಿದರೆ ಕೂಗಬೇಕೆಂದು ಅದರಲ್ಲಿ ಹೊಂದಿಸಬಹುದು. ಆಕ್ಸೆಸರೀಸ್ ಅಂಗಡಿಯ ಹುಡುಗ ಅದನ್ನು ಕೊನೆಯವರೆಗೂ ತಿರುಗಿಸಿಬಿಡುತ್ತಾನೆ. ಹುಡುಗನದೇನು ತಪ್ಪು? ದುಡ್ಡು ಎಣಿಸುವ ಮೊದಲು ಗಿರಾಕಿ ಗಾಜಿಗೆ ಒಂದು ತಟ್ಟು ತಟ್ಟುತ್ತಾನೆ. ಆಗ ಕೂಗಿದರೆ ಮಾಲು ಒಳ್ಳೆಯದು.

ರಾತ್ರಿ ಎರಡು ಗಂಟೆಗೆ ಆ ಒಳ್ಳೆಯ ಮಾಲು ಕೆಲಸ ಶುರುಮಾಡುತ್ತದೆ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಲುಂಗಿ ಎತ್ತಿಕಟ್ಟಿದ ಯಜಮಾನರು ಕೈ ಚಾಚಿ ರಿಮೋಟ್ ಒತ್ತುತ್ತಾರೆ, ಸಿಗ್ನಲ್ ಕೆಳಗಿಳಿಯುವುದಿಲ್ಲ. ಇನ್ನಷ್ಟು ಬಾಗಿ, ಕನ್ನಡಕವಿಲ್ಲದೆ ಇನ್ನೊಂದು ಗುಂಡಿ ಒತ್ತುತ್ತಾರೆ, ಈ ಸಲ ಸಿಗ್ನಲ್ ಇಳಿಯುತ್ತದೆ. ಅದು ಪ್ಯಾನಿಕ್ ಬಟನ್. ಆಗಷ್ಟೇ ತಾನಾಗಿ ನಿಂತಿದ್ದ ಸೈರನ್ ಹೊಸ ಹುರುಪಿನಲ್ಲಿ ಮತ್ತೆ ಶುರು. ಕೆಳಗಿನಿಂದ ವಾಚ್‌ಮನ್, "ಸಾರ್, ನಿಮ್ ಗಾಡಿ ಕೂಗ್ತಾ ಇದೆ!" ಮೇಲಿನಿಂದ ಉತ್ತರ: "ಅದೇ ನಿಲ್ಲುತ್ತೆ, ಬಿಡಪ್ಪಾ." ಕಳ್ಳ ಬಂದನೇ ಎಂದು ಇಬ್ಬರೂ ನೋಡಲಿಲ್ಲ. ಅಲಾರಂ ಇದೆಯಲ್ಲ, ನೋಡುವುದೇಕೆ?

ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎನ್ನುತ್ತವೆ 2000ದ ಶಬ್ದ ಮಾಲಿನ್ಯ ನಿಯಮಗಳು. ಸೈರನ್ನಿನ ಡಬ್ಬಿಯ ಮೇಲೆ 110, 120 ಎಂದು ಹೆಮ್ಮೆಯಿಂದ ಅಚ್ಚು ಹಾಕಿರುತ್ತಾರೆ. ಇದಕ್ಕೆ ವಿಮೆಯವರ ಬಹುಮಾನವೂ ಉಂಟು. ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐಯ ಮಾನ್ಯತೆ ಪಡೆದ ಕಳ್ಳತನ ತಡೆ ಸಾಧನವಿದ್ದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಸಾಮಾನ್ಯವಾಗಿ ಶೇ. 2.5 ರಿಯಾಯಿತಿ, ಗರಿಷ್ಠ 500 ರೂಪಾಯಿ. ಇಡೀ ವರ್ಷಕ್ಕೆ!

ನಿಜವಾದ ಪರೀಕ್ಷೆ ರಿಮೋಟಿನ ಸೆಲ್ ಸತ್ತ ದಿನ. ಯಜಮಾನರು ಕೀ ಹಾಕಿ ಬಾಗಿಲು ತೆರೆದ ಕೂಡಲೇ ಕಾರು ಅವರನ್ನೇ ಕಳ್ಳ ಎಂದು ಸಾರುತ್ತದೆ. ಅವರು ಬಾನೆಟ್ ಎತ್ತಿ ಬ್ಯಾಟರಿಯ ವೈರ್ ಕೀಳುತ್ತಾರೆ. ಕೆಲವು ಸೈರನ್‌ಗಳಿಗೆ ಹೊಟ್ಟೆಯೊಳಗೇ ಬೇರೆ ಬ್ಯಾಟರಿ ಇರುತ್ತದೆ. ಅವು ಕೂಗುತ್ತಲೇ ಇರುತ್ತವೆ. ಕಂಪನಿಯಿಂದಲೇ ಅಲಾರಂ ಬಂದ ಬಹುತೇಕ ಕಾರುಗಳಲ್ಲಿ ಉಪಾಯ ಸುಲಭ: ಕೀ ಹಾಕಿ ಇಗ್ನಿಷನ್ ಆನ್ ಮಾಡಿದರೆ ಕೀಯೊಳಗಿನ ಚಿಪ್ಪಿನ ಗುರುತು ಹಿಡಿದು ಸದ್ದು ನಿಲ್ಲುತ್ತದೆ. ಪುಶ್ ಸ್ಟಾರ್ಟ್ ಕಾರುಗಳಲ್ಲಿ ಸಾಮಾನ್ಯವಾಗಿ ಕೀಯನ್ನು ಗುಂಡಿಗೇ ಒತ್ತಿಹಿಡಿಯಬೇಕು. ಆ ಚಿಪ್ಪಿಗೆ ಸೆಲ್ ಬೇಕಿಲ್ಲ. ಇದೆಲ್ಲ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಶೋರೂಮಿನಿಂದ ಬಂದ ದಿನದಷ್ಟೇ ಹೊಸದಾಗಿದೆ.

ಪೆಟ್ಟಿಗೆ ಹಿಡಿದ ಆ ಇಬ್ಬರನ್ನು ಬಿಟ್ಟರೆ, ಉಳಿದವರಿಂದ ಕಾರನ್ನು ನಿಜಕ್ಕೂ ಕಾಯುವುದು ಅದೇ ಚಿಪ್ಪು. ಅದನ್ನು ಗುರುತಿಸದೆ ಇಂಜಿನ್ ಸ್ಟಾರ್ಟ್ ಆಗಲು ಬಿಡದ ಇಮೊಬಿಲೈಸರನ್ನು ಯುರೋಪು ಹೊಸ ಕಾರುಗಳಿಗೆ 1998ರಲ್ಲೇ ಕಡ್ಡಾಯ ಮಾಡಿತು. ಆದರೆ ಅದು ಸದ್ದೇ ಮಾಡುವುದಿಲ್ಲ. ಸದ್ದು ಮಾಡದ ಕೆಲಸಗಾರನಿಗೆ ನಮ್ಮಲ್ಲಿ ಎಂದು ಮರ್ಯಾದೆ ಇತ್ತು?

ಆದ್ದರಿಂದ ಕಾರುವಂತರೇ, ಈ ಭಾನುವಾರ ಎರಡು ಕೆಲಸ ಮಾಡಿ. ಸೆನ್ಸರಿನ ತಿರುಪು ಇಳಿಸಿ, ರಿಮೋಟಿನ ಸೆಲ್ ಬದಲಿಸಿ. ನಿಮ್ಮ ಕಾರು ಕಳುವಾದರೆ ವಿಮೆ ದುಡ್ಡು ಬರುತ್ತದೆ. ಬೀದಿಯವರ ನಿದ್ದೆಗೆ ಪಾಲಿಸಿ ಇಲ್ಲ.