ಪಾರ್ಸೆಲ್ ಆಂಟಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬ್ಲಾಕಿಗೊಬ್ಬರಾದರೂ ಪಾರ್ಸೆಲ್ ಆಂಟಿ ಇರುತ್ತಾರೆ. ಗೇಟಿನ ಸೆಕ್ಯೂರಿಟಿಗೆ ಅವರ ಫ್ಲಾಟ್ ನಂಬರು ಬಾಯಿಪಾಠ. ಗಾಂಧಿಬಜಾರಿನಲ್ಲಿ ಬೆಂಡೆಕಾಯಿಯ ತುದಿ ಮುರಿಯದೆ ಕಾಲು ಕೆಜಿಯನ್ನೂ ಕೊಳ್ಳದ ಇವರು, ಎಂಟು ಸಾವಿರದ ಡಿಸೈನರ್ ಹ್ಯಾಂಡ್‌ಬ್ಯಾಗನ್ನು ಫೋಟೋ ನೋಡಿಯೇ ತರಿಸುತ್ತಾರೆ.

ಫೋಟೋದಲ್ಲಿ ಬ್ಯಾಗು ಮದುವೆ ಗಂಡಿನ ಹಾಗೆ ಎದೆಯುಬ್ಬಿಸಿ ಕೂತಿರುತ್ತದೆ. ಅದು ಒಳಗೆ ತುರುಕಿದ ಕಾಗದದ ಮಹಿಮೆ. ಸ್ಟುಡಿಯೋ ಲೈಟು, ಕ್ಯಾಮೆರಾದ ವೈಟ್ ಬ್ಯಾಲೆನ್ಸ್, ಮೊಬೈಲ್ ಸ್ಕ್ರೀನಿನ ಹೊಳಪು ಇಷ್ಟನ್ನೂ ದಾಟಿ ಬರುವಷ್ಟರಲ್ಲಿ ಬದನೆಕಾಯಿ ಬಣ್ಣ ಕುಂಕುಮವಾಗಿರುತ್ತದೆ. ಅಳತೆಯನ್ನು ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆಂಟಿ ಅಲ್ಲಿಯವರೆಗೆ ಇಳಿಯುವುದಿಲ್ಲ. ಹೆಸರಾಂತ ಬ್ಯಾಗುಗಳಲ್ಲಿ ಅಳತೆ ಹೆಸರಿಗೇ ಅಂಟಿಕೊಂಡಿರುವುದುಂಟು. ಎರ್ಮೆಸ್ ಕಂಪನಿಯ ಬಿರ್ಕಿನ್ 25 ಎಂದರೆ ತಳದ ಅಗಲ 25 ಸೆಂಟಿಮೀಟರು, ಮಕ್ಕಳ ಉದ್ದ ಸ್ಕೇಲಿಗಿಂತಲೂ ಗಿಡ್ಡ. ಆಂಟಿ ನೋಡುವುದು ಮಾಡೆಲ್ ಹುಡುಗಿಯ ಭುಜದ ಮೇಲಿನ ಬ್ಯಾಗನ್ನು. ಕಡ್ಡಿಯಂಥ ಆ ಹುಡುಗಿಯ ಪಕ್ಕದಲ್ಲಿ ಪರ್ಸೂ ಸೂಟ್‌ಕೇಸಿನಂತೆ ಕಾಣುತ್ತದೆ.

ಪಾರ್ಸೆಲ್ ಬಿಚ್ಚುವುದಕ್ಕೂ ಒಂದು ಶಾಸ್ತ್ರವಿದೆ. ಗಂಡ ವಿಡಿಯೊ ಮಾಡಬೇಕು; ಮೊದಲು ವಿಳಾಸದ ಚೀಟಿ ಕಾಣಬೇಕು, ಕತ್ತರಿ ಆಮೇಲೆ. ಬ್ಯಾಗು ಹಪ್ಪಳದಂತೆ ಚಪ್ಪಟೆಯಾಗಿ ಹೊರಬರುತ್ತದೆ.

“ಏನೇ ಇದು, ಟಿಫಿನ್ ಬಾಕ್ಸೂ ಹಿಡಿಯಲ್ವಲ್ಲ!”

“ರೀ, ನೀವು ಸುಮ್ನೆ ವಿಡಿಯೊ ಮಾಡಿ.”

ಈ ಮಾತುಕತೆಯೂ ಸಾಕ್ಷಿಯ ಭಾಗವಾಗಿ ಉಳಿಯುತ್ತದೆ. ನಂತರ ಬಾಲ್ಕನಿಯ ಬಿಸಿಲಿನಲ್ಲಿ ಬ್ಯಾಗನ್ನೂ ಮೊಬೈಲನ್ನೂ ಅಕ್ಕಪಕ್ಕ ಹಿಡಿದು ಬಣ್ಣ ತಾಳೆ ನೋಡುವುದು, ಉಗುರಿನಿಂದ ಮೂಲೆ ಕೆರೆದು “ಲೆದರ್ ಅಲ್ಲ, ರೆಕ್ಸಿನ್” ಎಂದು ತೀರ್ಪು ಕೊಡುವುದು.

ಕಾನೂನೇನೋ ಆಂಟಿಯ ಕಡೆಗೇ ಇದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆ ನಂಬರನ್ನು ಇಡೀ ಬ್ಲಾಕಿಗೆ ಹಂಚಿದವರೂ ಆಂಟಿಯೇ. ಆದರೆ ಬ್ಯಾಗನ್ನು ಕೆಳಗಿನ ಮನೆಯವರಿಗೆ, ನಾದಿನಿಗೆ, ಕೆಲಸಕ್ಕೆ ಬರುವ ಲಕ್ಷ್ಮಮ್ಮನಿಗೆ ತೋರಿಸಿ ಬೈದು ಮುಗಿಸುವಷ್ಟರಲ್ಲಿ ವಾಪಸಾತಿಯ ಗಡುವು ಮುಗಿದಿರುತ್ತದೆ.

ಮರುದಿನ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಹೊಸ ಬ್ಯಾಗು, ಒಮ್ಮೆಯೂ ಬಳಸಿಲ್ಲ, ಅರ್ಧ ಬೆಲೆ” ಎಂಬ ಸಂದೇಶ ಬರುತ್ತದೆ. ಜೊತೆಗೆ ಹಾಕಿರುವುದು ಕಂಪನಿಯ ಅದೇ ಫೋಟೋ.