ಯೂಸರ್ ದೇವೋ ಭವ

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಅಂತ ಒಂದು ವಿಷಯ ಇದೆ. ಹುಡುಗರ ಬಾಯಲ್ಲಿ ಎಚ್‌ಸಿಐ. ‘ಕೋಡಿಂಗ್ ಕಮ್ಮಿ, ಪ್ರಾಜೆಕ್ಟಿಗೇ ಮಾರ್ಕ್ಸು, ತಗೊಳ್ರೋ’ ಅಂತ ಸೀನಿಯರ್‌ಗಳು ಆಶೀರ್ವಾದ ಮಾಡಿದ್ದಕ್ಕೇ ಸೇರಿದವರು ಬಹಳ. ಮನುಷ್ಯ ಯಂತ್ರದ ಜೊತೆ ಹೇಗೆ ಏಗ್ತಾನೆ ಅಂತ ಕಲಿಸೋ ಪಾಠ ಇದು. ಮೇಷ್ಟ್ರು ಮೊದಲ ವಾರವೇ ‘ನಾಲ್ಕು ನಾಲ್ಕು ಜನ ಟೀಮ್ ಮಾಡ್ಕೊಳ್ಳಿ’ ಅಂದುಬಿಡ್ತಾರೆ. ಮನುಷ್ಯನ ಜೊತೆ ಮನುಷ್ಯ ಏಗೋ ಪಾಠ ಅವತ್ತೇ ಶುರು.

ಟೀಮಿನಲ್ಲಿ ಒಬ್ಬ ಐಡಿಯಾ ಕೊಡ್ತಾನೆ, ಕೊಟ್ಟು ಮಲಗ್ತಾನೆ. ಒಬ್ಬಳು ಡಿಸೈನ್ ಸಾಫ್ಟ್‌ವೇರ್ ಫಿಗ್ಮಾ ಮುಂದೆ ಕೂತು ಬೆಳಗು ಮಾಡ್ತಾಳೆ. ಇನ್ನೊಬ್ಬ ಪಿಪಿಟಿಯ ಬಣ್ಣ ಬದಲಾಯಿಸ್ತಾನೇ ಇರ್ತಾನೆ. ನಾಲ್ಕನೆಯವನು ವಾಟ್ಸಾಪ್ ಗ್ರೂಪಲ್ಲಿ ಎಲ್ಲದಕ್ಕೂ ಹೆಬ್ಬೆರಳೆತ್ತಿ, ಸಬ್‌ಮಿಷನ್ ಹಿಂದಿನ ರಾತ್ರಿ ‘ಮಗಾ, ನಂದೇನಾದ್ರೂ ಕೆಲ್ಸ ಇತ್ತಾ?’ ಅಂತ ಕೇಳ್ತಾನೆ. ಅವನನ್ನ ಬೈಬೇಡಿ, ಅವನ ಬೆನ್ನಿಗೆ ವಿಜ್ಞಾನ ಇದೆ. ಹಗ್ಗ ಎಳೆಯೋರು ಹೆಚ್ಚಿದಷ್ಟೂ ತಲಾ ಎಳೆತ ಕಮ್ಮಿಯಾಗುತ್ತೆ ಅಂತ ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲೇ ಬರೆದಿಟ್ಟ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಯವರು ಜನರಿಂದ ಚಪ್ಪಾಳೆ ಹೊಡೆಸಿ, ಕಿರುಚಿಸಿ ನೋಡಿದರು. ಗುಂಪಲ್ಲಿ ಚಪ್ಪಾಳೆ ಹೊಡೆಯೋಕೂ ಸೋಮಾರಿತನವೇ!

ಮೊದಲು ಬಳಸೋರ ಹತ್ರ ಹೋಗಿ ಮಾತಾಡಿಸಿ ಬನ್ನಿ ಅನ್ನುತ್ತೆ ಸಿಲಬಸ್ಸು. ಹೊರಗೆ ಬಿಸಿಲು. ಹಾಗಾಗಿ ಗೂಗಲ್ ಫಾರ್ಮ್. ಇವರದ್ದನ್ನ ಪಕ್ಕದ ಟೀಮು ತುಂಬುತ್ತೆ, ಅವರದ್ದನ್ನ ಇವರು ತುಂಬ್ತಾರೆ, ಮುಯ್ಯಿಗೆ ಮುಯ್ಯಿ. ಆಮೇಲೆ ‘ಪರ್ಸೋನಾ’, ಅಂದ್ರೆ ಬಳಸೋನ ಒಂದು ಮಾದರಿ ಚಿತ್ರ, ಬರೀಬೇಕಲ್ಲ: ‘ರಾಮಣ್ಣ, 52, ರೈತ, ತಂತ್ರಜ್ಞಾನದಲ್ಲಿ ಆಸಕ್ತಿ: ಮಧ್ಯಮ.’ ಇಂಟರ್ನೆಟ್ಟಲ್ಲಿ ಸಿಕ್ಕ ಫೋಟೋದಲ್ಲಿ ರಾಮಣ್ಣ ಲ್ಯಾಪ್‌ಟಾಪ್ ಹಿಡಿದು ನಗ್ತಿರ್ತಾನೆ. ಹಾಸ್ಟೆಲ್ ರೂಮಲ್ಲೇ ಹುಟ್ಟಿ ಅಲ್ಲೇ ಬೆಳೆದ ಮಣ್ಣಿನ ಮಗ! ಗೋಡೆ ತುಂಬಾ ಹಳದಿ ಚೀಟಿ ಬೇರೆ. ಚೀಟಿ ಜೋಡಿಸಿ ಅರ್ಥ ಹುಡುಕೋ ವಿದ್ಯೆ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತ ಅವರದ್ದು. ಪಾಪ, ಅವರು ಊರೂರು ಅಲೆದು ಟಿಪ್ಪಣಿ ತಂದು ಜೋಡಿಸ್ತಿದ್ದರು. ನಮ್ಮವರು ಅಲೆಯೋದನ್ನ ಬಿಟ್ಟು ಅಂಟಿಸೋದನ್ನ ಇಟ್ಟುಕೊಂಡರು.

ಪಕ್ಕದ ಮನೆ ಹುಡುಗನ ಟೀಮು ಬೆಂಗಳೂರಿನ ಹಾಸ್ಟೆಲ್ ಮೆಸ್ಸಿಗೆ ಆಪ್ ಮಾಡ್ತಿತ್ತು. ಊಟಕ್ಕೆ ಸ್ಟಾರ್ ಕೊಡಬಹುದು, ಮೆನುಗೆ ವೋಟ್ ಹಾಕಬಹುದು, ಪಲ್ಯದ ಫೋಟೋ ಹಾಕಬಹುದು. ಅದನ್ನ ಪರೀಕ್ಷಿಸೋಕೆ ಕೊನೆಗೂ ಮೆಸ್ಸಿನ ಭಟ್ಟರನ್ನ ಹಿಡಿದು ಕೂರಿಸಿದರು. ಹಾಳೆ ಮೇಲೆ ಫೋನಿನ ಚಿತ್ರ. ಭಟ್ಟರು ಬೆರಳಿಟ್ಟರೆ ಕಂಪ್ಯೂಟರ್ ವೇಷದ ಹುಡುಗ ಹಾಳೆ ಬದಲಿಸಬೇಕು. ಭಟ್ಟರು ಕೈ ಒರೆಸಿಕೊಂಡು ‘ಇಂದಿನ ಮೆನು’ ಅನ್ನೋ ಹೆಡಿಂಗನ್ನೇ ಒತ್ತಿದರು. ಅದಕ್ಕೆ ಹಾಳೆಯೇ ಇಲ್ಲ! ಕಂಪ್ಯೂಟರ್ ಬೆವರಿತು. ನಡುವೆ ಬಾಯಿ ಹಾಕಬಾರದು ಅನ್ನೋದು ಪರೀಕ್ಷೆಯ ಮೊದಲ ನಿಯಮ. ಐಡಿಯಾದವನಿಗೆ ತಡೆಯೋಕಾಗಲಿಲ್ಲ. ‘ಭಟ್ರೇ, ಮೇಲಿನ ಮೂರು ಗೆರೆ ಒತ್ತಿ!’

‘ಇದಾ? ನಾನು ವಿಭೂತಿ ಅಂದ್ಕೊಂಡೆ. ಅದಿರ್ಲಿ, ನಾಳೆ ಎಷ್ಟು ಎಲೆ ಅಂತ ಇದ್ರಲ್ಲಿ ಎಲ್ಲಿದೆ?’

ಎಲ್ಲೂ ಇರಲಿಲ್ಲ. ಇಡೀ ಸೆಮಿಸ್ಟರಿನ ಪಾಠ ನಡೆದದ್ದು ಆ ಒಂದು ಪ್ರಶ್ನೆಯಲ್ಲಿ. ಬಳಸೋನು ತಡವರಿಸಿದ್ರೆ ತಪ್ಪು ವಿನ್ಯಾಸದ್ದು, ಅವನದ್ದಲ್ಲ ಅಂತ ವಿನ್ಯಾಸ ತಜ್ಞ ಡಾನ್ ನಾರ್ಮನ್ 1988ರಲ್ಲೇ ಪುಸ್ತಕ ಬರೆದು ಸಾರಿದರು. ಹುಡುಗರು ಅದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ರು. ರಿಪೋರ್ಟಲ್ಲಿ ಮಾತ್ರ ‘ಬಳಕೆದಾರರಿಗೆ ತರಬೇತಿ ಅಗತ್ಯ’ ಅಂತ ಬರೆದರು. ಐದು ಜನರ ಮೇಲೆ ಪರೀಕ್ಷಿಸಿದ್ರೆ ಶೇ 85ರಷ್ಟು ತೊಡಕು ಹೊರಬೀಳುತ್ತೆ ಅಂತ ಇದೇ ವಿದ್ಯೆಯ ಇನ್ನೊಬ್ಬ ತಜ್ಞ ಜೇಕಬ್ ನೀಲ್ಸನ್ ಲೆಕ್ಕ ಕೊಟ್ಟಿದ್ದಾರೆ. ಇವರೂ ಐದು ಜನರ ಮೇಲೆ ಪರೀಕ್ಷಿಸಿದರು: ಟೀಮಿನ ನಾಲ್ವರು, ಮತ್ತು ಭಟ್ಟರು.

ವೈವಾ ಆಯ್ತು, ನಾಲ್ವರಿಗೂ ಸಮ ಮಾರ್ಕ್ಸು. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ಸಲ ಟೀಮಿನಲ್ಲಿ ಐದು ಜನ ಇರಲಿ, ಐದನೆಯವರು ಭಟ್ಟರೇ ಆಗಲಿ. ಮಾರ್ಕ್ಸನ್ನೂ ಕೊಡಿ. ಹೆಬ್ಬೆರಳೆತ್ತಿದವನಿಗೇ ಕೊಟ್ಟ ಮೇಲೆ, ತೋರುಬೆರಳಲ್ಲಿ ಒತ್ತಿ ತೋರಿಸಿದವರಿಗೆ ಕೊಡೋಕೇನು ಧಾಡಿ?